ಟಿಗ್ರಿನ್ಯಾ ಕೀಬೋರ್ಡಿನ ಹಳೆಯ ಪದಪಟ್ಟಿಯನ್ನು ನಿವೃತ್ತಿಗೊಳಿಸುವ ಬಗೆ

ಮೊಬೈಲಿನಲ್ಲಿ ಎರಡಕ್ಷರ ಒತ್ತುವಷ್ಟರಲ್ಲಿ ಕೀಬೋರ್ಡಿನ ನೆತ್ತಿಯ ಮೇಲೆ ಮೂರು ಪದಗಳು ಬಂದು ಕೂರುತ್ತವೆ. ಬೇಕಾದದ್ದು ಇದ್ದರೆ ಮುಟ್ಟುತ್ತೇವೆ, ಇಲ್ಲದಿದ್ದರೆ ಟೈಪ್ ಮಾಡುತ್ತ ಹೋಗುತ್ತೇವೆ. ಆ ಮೂರನ್ನು ಆರಿಸಿಕೊಡುವುದು ಫೋನಿನೊಳಗೆ ಇಳಿದಿರುವ ಒಂದು ಪದಪಟ್ಟಿ. ಇಂಗ್ಲಿಷಿನಂಥ ಭಾಷೆಗಳಲ್ಲಿ ಅದು ಕಂಪನಿಯ ಸರ್ವರಿನಿಂದ ಆಗಾಗ ಹೊಸದಾಗುತ್ತಿರುತ್ತದೆ, ಬಳಸುವವರಿಗೆ ಸುಳಿವೂ ಸಿಗುವುದಿಲ್ಲ. ಟಿಗ್ರಿನ್ಯಾದಂಥ ಭಾಷೆಯಲ್ಲಿ ಒಬ್ಬಿಬ್ಬರು ಆಸಕ್ತರು ಕೈಗೆ ಸಿಕ್ಕ ಬರಹಗಳಿಂದ ಕಟ್ಟಿದ ಪಟ್ಟಿಯೇ ವರ್ಷಗಟ್ಟಲೆ ನಡೆಯುತ್ತದೆ. ಒಂದು ದಿನ ಅದಕ್ಕಿಂತ ಒಳ್ಳೆಯದು ತಯಾರಾಗುತ್ತದೆ. ಆಗ ಹಳೆಯದನ್ನು ಏನು ಮಾಡಬೇಕು? ಅಳಿಸಿಬಿಟ್ಟರೆ ಮುಗಿಯಿತು ಅನ್ನಿಸುತ್ತದೆ, ಮುಗಿಯುವುದಿಲ್ಲ.

ಟಿಗ್ರಿನ್ಯಾ ಎರಿಟ್ರಿಯಾದಲ್ಲೂ ಇಥಿಯೋಪಿಯಾದ ಉತ್ತರ ತುದಿಯ ಟಿಗ್ರೇಯಲ್ಲೂ ಆಡುವ ಭಾಷೆ. ಆಡುವವರು ಒಂದು ಕೋಟಿಯ ಆಸುಪಾಸು. ಸ್ವೀಡನ್, ಜರ್ಮನಿ, ಅಮೆರಿಕದಲ್ಲೂ ದೊಡ್ಡ ಸಮುದಾಯಗಳಿವೆ. ಅರಬ್ಬಿ, ಹೀಬ್ರೂಗಳ ಸೆಮಿಟಿಕ್ ಕುಟುಂಬದ್ದಾದರೂ ಇದನ್ನು ಎಡದಿಂದ ಬಲಕ್ಕೆ ಬರೆಯುತ್ತಾರೆ. ಲಿಪಿಯ ಹೆಸರು ಗೀಜ್; ನೆರೆಯ ಅಮ್ಹಾರಿಕ್ ಭಾಷೆಗೂ ಅದೇ ಲಿಪಿ. ನಮ್ಮ ಕಾಗುಣಿತದಂತೆಯೇ ಇಲ್ಲಿ ಒಂದೊಂದು ವ್ಯಂಜನಕ್ಕೂ ಏಳು ಸ್ವರರೂಪಗಳಿವೆ. ಆದರೆ ಕನ್ನಡದ ‘ಕಿ’ಗೆ ಯೂನಿಕೋಡಿನಲ್ಲಿ ಎರಡು ಸಂಕೇತ ಬೇಕು, ‘ಕ’ಕ್ಕೆ ಒಂದು, ಗುಡಿಸಿಗೆ ಇನ್ನೊಂದು. ಗೀಜ್ ಲಿಪಿಯ ‘ಕಿ’ಗೆ ಒಂದೇ ಸಂಕೇತ, ಅದನ್ನು ಒಡೆಯಲು ಬರುವುದಿಲ್ಲ. 1999ರ ಯೂನಿಕೋಡ್ 3.0 ಆವೃತ್ತಿಯಲ್ಲಿ ಈ ಲಿಪಿ ಸೇರಿದಾಗಲೇ ಹೀಗೆಂದು ತೀರ್ಮಾನವಾಗಿತ್ತು. ಪದಪಟ್ಟಿಯ ಮಟ್ಟಿಗೆ ಇದು ಸಣ್ಣ ವಿಷಯವಲ್ಲ ಎಂಬುದು ಮುಂದೆ ತಿಳಿಯುತ್ತದೆ.

ಪದಪಟ್ಟಿಯ ಕೆಲಸ ನೋಡಲು ಕೀಮ್ಯಾನ್ ತಂತ್ರಾಂಶ ಒಳ್ಳೆಯ ಉದಾಹರಣೆ, ಏಕೆಂದರೆ ಅದರ ಮೂಲ ಫೈಲುಗಳು ಎಲ್ಲರಿಗೂ ತೆರೆದಿವೆ. 1993ರಲ್ಲಿ ಶುರುವಾದ ಈ ತಂತ್ರಾಂಶ 2015ರಲ್ಲಿ ಎಸ್‌ಐಎಲ್ ಸಂಸ್ಥೆಯ ಕೈಗೆ ಬಂತು. ನೂರಾರು ಸಣ್ಣ ಭಾಷೆಗಳ ಕೀಬೋರ್ಡುಗಳು ಇದರ ಮೇಲೆ ನಡೆಯುತ್ತವೆ. ಗೀಜ್ ಲಿಪಿಯ ಕೀಬೋರ್ಡುಗಳನ್ನು ಇದಕ್ಕೆ ಮಾಡಿಕೊಟ್ಟದ್ದು ಗೀಜ್ ಫ್ರಾಂಟಿಯರ್ ಫೌಂಡೇಶನ್. 2019ರ 12ನೇ ಆವೃತ್ತಿಯಿಂದ ಕೀಮ್ಯಾನ್ ಮೊಬೈಲಿನಲ್ಲಿ ಪದ ಸೂಚಿಸುವುದನ್ನೂ ಕಲಿತಿದೆ. ಅದಕ್ಕೆ ಬೇಕಾದದ್ದು ಸರಳವಾದ ಒಂದು ಪಠ್ಯ ಫೈಲು: ಸಾಲಿಗೊಂದು ಪದ, ಪಕ್ಕದಲ್ಲಿ ಒಂದು ಅಂಕಿ. ಸಂಗ್ರಹಿಸಿದ ಬರಹಗಳಲ್ಲಿ ಆ ಪದ ಎಷ್ಟು ಸಲ ಬಂದಿದೆ ಎಂಬುದೇ ಆ ಅಂಕಿ. ಇದನ್ನು ಅಕ್ಷರದಿಂದ ಅಕ್ಷರಕ್ಕೆ ಕವಲೊಡೆಯುವ ರಚನೆಯಾಗಿ ಜೋಡಿಸಿ ಪ್ಯಾಕೇಜ್ ಮಾಡುತ್ತಾರೆ. ನೀವು ಒತ್ತಿದ ಅಕ್ಷರಗಳ ದಾರಿ ಹಿಡಿದು ಹೋದರೆ ಸಿಗುವ ಕವಲುಗಳಲ್ಲಿ ಯಾವ ಪದಗಳ ಅಂಕಿ ದೊಡ್ಡದೋ ಅವೇ ಮೇಲೆ ಬರುತ್ತವೆ. ಹಿಂದಿನ ಪದ ಯಾವುದಿತ್ತು, ವಾಕ್ಯದ ಅರ್ಥವೇನು ಎಂಬುದನ್ನು ಈ ಬಗೆಯ ಪಟ್ಟಿ ನೋಡುವುದೇ ಇಲ್ಲ. ಅಂಕಿ ತಪ್ಪಿದ್ದರೆ ಅದನ್ನು ತಿದ್ದುವವರು ಒಳಗೆ ಯಾರೂ ಇಲ್ಲ.

ಅದರಿಂದಲೇ ನನಗನ್ನಿಸುವುದು, ಇಂಥ ಪಟ್ಟಿಯಲ್ಲಿ ಪದ ಇಲ್ಲದಿರುವುದು ದೊಡ್ಡ ದೋಷವಲ್ಲ. ಇಲ್ಲದ ಪದವನ್ನು ಜನ ತಾವೇ ಟೈಪ್ ಮಾಡಿಕೊಳ್ಳುತ್ತಾರೆ. ಇರಬಾರದ ಪದ ದೊಡ್ಡ ಅಂಕಿಯೊಂದಿಗೆ ಕೂತಿದ್ದರೆ ಅದು ಬೇಡವೆಂದರೂ ದಿನಾ ಎದುರಿಗೆ ಬರುತ್ತದೆ, ಬೆರಳು ತಪ್ಪಿ ಒತ್ತಿಸಿಕೊಳ್ಳುತ್ತದೆ. ಕೆಲವರು, ಅದರಲ್ಲೂ ವಿದೇಶದಲ್ಲಿ ಬೆಳೆದು ತಾಯ್ನುಡಿಯನ್ನು ಫೋನಿನಲ್ಲೇ ಮೊದಲು ಬರೆಯಲು ಕಲಿತ ಮಕ್ಕಳು, ಅದೇ ಸರಿಯಾದ ಕಾಗುಣಿತ ಎಂದುಕೊಂಡುಬಿಡಬಹುದು.

ಪಟ್ಟಿ ಹಳಸುವುದೆಂದರೆ

ಮೊದಲ ಕಾರಣ ನಮಗೂ ಗೊತ್ತಿರುವಂಥದ್ದೇ. ಯೂನಿಕೋಡ್ ಬರುವ ಮುನ್ನ ಗೀಜ್ ಲಿಪಿಗೆ ಪವರ್ ಗೀಜ್, ವಿಷುವಲ್ ಗೀಜ್ ಮುಂತಾದ ತಂತ್ರಾಂಶಗಳಿದ್ದವು, ಒಂದರ ಫಾಂಟ್ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಫೈಲನ್ನು ಯೂನಿಕೋಡಿಗೆ ತಂದವರಿಗೆ ಅರ್ಕಾವೊತ್ತು ಎತ್ತಲೋ ಹಾರಿಹೋದ ನೆನಪಿರುತ್ತದೆ. ಅಲ್ಲಿಯೂ ಹಾಗೇ. ಪರಿವರ್ತಕ ಒಂದು ಅಕ್ಷರವನ್ನು ತಪ್ಪಾಗಿ ಓದಿದರೆ ಆ ತಪ್ಪು ಸಾವಿರಾರು ಸಲ ಒಂದೇ ರೀತಿಯಲ್ಲಿ ಮರುಕಳಿಸುತ್ತದೆ. ಹಾಗೆ ಮರುಕಳಿಸಿದ್ದನ್ನು ಎಣಿಕೆಯ ಯಂತ್ರ ಜನಪ್ರಿಯ ಪದವೆಂದೇ ತಿಳಿಯುತ್ತದೆ.

ಎರಡನೆಯದು ಪದ ಎಲ್ಲಿ ಮುಗಿಯುತ್ತದೆ ಎಂಬ ಪ್ರಶ್ನೆ. ಇಂದಿನ ಟಿಗ್ರಿನ್ಯಾ ಬರಹದಲ್ಲಿ ಪದಗಳ ನಡುವೆ ಖಾಲಿ ಜಾಗ ಬಿಡುತ್ತಾರೆ. ಹಳೆಯ ಮುದ್ರಣಗಳಲ್ಲಿ ಹಾಗಿಲ್ಲ, ಪದಕ್ಕೂ ಪದಕ್ಕೂ ನಡುವೆ ಒಂದರ ಮೇಲೊಂದು ಎರಡು ಚುಕ್ಕಿ ಬರುತ್ತವೆ. ಖಾಲಿ ಜಾಗವನ್ನಷ್ಟೇ ನೋಡಿ ಪದ ಬಿಡಿಸಿದರೆ ಇಂಥ ಪುಟದ ಸಾಲಿಗೆ ಸಾಲೇ ಒಂದು ‘ಪದ’ವಾಗಿ ಪಟ್ಟಿಗೆ ಬರುತ್ತದೆ. ಪದಗಳು ಕೂಡುವಲ್ಲಿ ಅಪಾಸ್ಟ್ರಫಿ ಹಾಕುವ ರೂಢಿಯೂ ಇದೆ. ನೇರ ಅಪಾಸ್ಟ್ರಫಿ ಒಂದು ಸಂಕೇತ, ಬಾಗಿದ್ದು ಇನ್ನೊಂದು. ಹೀಗೆ ಒಂದೇ ಪದ ಎರಡಾಗಿ ಅದರ ಎಣಿಕೆಯೂ ಹಂಚಿಹೋಗುತ್ತದೆ.

ಮೂರನೆಯದೇ ಅತಿ ಕಷ್ಟದ್ದು: ಅಮ್ಹಾರಿಕ್‌ನ ನುಸುಳುವಿಕೆ. ಲಿಪಿ ಒಂದೇ ಆದ್ದರಿಂದ ಅಂತರ್ಜಾಲದಿಂದ ಬರಹ ಸಂಗ್ರಹಿಸುವ ಯಂತ್ರಕ್ಕೆ ಯಾವ ಪುಟ ಯಾವ ಭಾಷೆಯದು ಎಂದು ಸುಲಭವಾಗಿ ತಿಳಿಯುವುದಿಲ್ಲ. ಎರಿಟ್ರಿಯಾದ ಟಿಗ್ರೆ ಎಂಬ ಇನ್ನೊಂದು ಭಾಷೆಯ ಹೆಸರೇ ಗೊಂದಲ ಹುಟ್ಟಿಸುವಂತಿದೆ. ಅದಕ್ಕೂ ಗೀಜ್ ಲಿಪಿಯುಂಟು. ಇವುಗಳನ್ನು ಬೇರ್ಪಡಿಸುವ ಗೀಜ್‌ಸ್ವಿಚ್ ಎಂಬ ಸಂಶೋಧನೆ ಪ್ರಕಟವಾದದ್ದೇ 2022ರಲ್ಲಿ. ಅದಕ್ಕೂ ಹಿಂದಿನ ಪಟ್ಟಿಗಳನ್ನು ಕಟ್ಟಿದವರು ಕಣ್ಣಳತೆಯಲ್ಲೇ ಜರಡಿ ಹಿಡಿಯಬೇಕಿತ್ತು.

ಅಮ್ಹಾರಿಕ್‌ಗೆ ಮಾಡಿದ ಉಪಕರಣಗಳನ್ನು ಟಿಗ್ರಿನ್ಯಾಕ್ಕೆ ಹಾಗೇ ಹಚ್ಚಿದರೆ ಹಾನಿ ಇನ್ನೂ ಆಳಕ್ಕೆ ಹೋಗುತ್ತದೆ. ಗೀಜ್ ಲಿಪಿಯಲ್ಲಿ ‘ಹ’ಕಾರಕ್ಕೆ ಒಂದಕ್ಕಿಂತ ಹೆಚ್ಚು ಅಕ್ಷರಗಳಿವೆ. ಅಮ್ಹಾರಿಕ್ ಆಡುವವರ ಬಾಯಲ್ಲಿ ಅವೆಲ್ಲ ಒಂದೇ ದನಿ, ಆದ್ದರಿಂದ ಆ ಭಾಷೆಯ ಬರಹವನ್ನು ಶುಚಿಗೊಳಿಸುವ ಪ್ರೋಗ್ರಾಂಗಳು ಅವನ್ನೆಲ್ಲ ಒಂದೇ ಅಕ್ಷರಕ್ಕೆ ತಿರುಗಿಸುತ್ತವೆ. ಟಿಗ್ರಿನ್ಯಾದಲ್ಲಿ ಗಂಟಲಿನ ಆಳದಿಂದ ಬರುವ ‘ಹ’ ಬೇರೆ, ಹಗುರವಾದ ‘ಹ’ ಬೇರೆ. ಅದು ಬದಲಾದರೆ ಪದವೇ ಕೆಡುತ್ತದೆ. ಗಂಟಲ ದನಿಯ ‘ಅ’ಕಾರಕ್ಕೂ ಇದೇ ಗತಿ. ಹಾಗೆ ‘ಶುಚಿ’ಗೊಂಡ ಪಟ್ಟಿಯನ್ನು ಮತ್ತೆ ಸರಿಪಡಿಸಲು ಬರುವುದಿಲ್ಲ, ಯಾವ ಅಕ್ಷರ ಮೊದಲು ಯಾವುದಾಗಿತ್ತು ಎಂಬ ಮಾಹಿತಿಯೇ ಕಳೆದುಹೋಗಿರುತ್ತದೆ. ಅಂಥದ್ದನ್ನು ತಿದ್ದುತ್ತ ಕೂರುವ ಬದಲು ಕೆಳಗಿಳಿಸುವುದೇ ಲೇಸು.

ಇನ್ನು ಗಡಿಯ ವಿಷಯ. ‘ತ್ಸ’ ಎಂಬಂಥ ಬಿಗಿದನಿಗೆ ಗೀಜ್ ಲಿಪಿಯಲ್ಲಿ ಎರಡು ಅಕ್ಷರಗಳಿವೆ. ಎರಿಟ್ರಿಯಾದವರು ಒಂದನ್ನು ಬಳಸಿದರೆ ಟಿಗ್ರೇಯವರು ಹೆಚ್ಚಾಗಿ ಇನ್ನೊಂದನ್ನು ಬಳಸುತ್ತಾರೆ. ಸೂರ್ಯನಿಗೆ ‘ತ್ಸೆಹಾಯ್’ ಎಂದು ಎರಿಟ್ರಿಯಾದ ಅಸ್ಮರಾದವರೂ ಟಿಗ್ರೇಯ ಮೆಕೆಲೆಯವರೂ ಹೇಳುತ್ತಾರೆ, ಬರೆಯುವಾಗ ಮೊದಲಕ್ಷರ ಬೇರೆಯಾಗುತ್ತದೆ. ಎರಡೂ ಕಡೆಯ ಬರಹವನ್ನು ಒಟ್ಟಿಗೆ ಸುರಿದು ಎಣಿಸಿದ ಪಟ್ಟಿಯಲ್ಲಿ ಯಾವ ಕಡೆಯ ಬರಹ ಹೆಚ್ಚು ಸಿಕ್ಕಿತ್ತೋ ಆ ಕಡೆಯ ಕಾಗುಣಿತ ಗೆಲ್ಲುತ್ತದೆ. ಹಾಗೆ ಸಿಗುವುದರಲ್ಲಿ ಭಾಷೆಗಿಂತ ರಾಜಕೀಯದ ಪಾಲು ದೊಡ್ಡದು. ಎರಿಟ್ರಿಯಾದಲ್ಲಿ 2001ರ ಸೆಪ್ಟೆಂಬರಿನಲ್ಲಿ ಖಾಸಗಿ ಪತ್ರಿಕೆಗಳನ್ನು ಮುಚ್ಚಿಸಲಾಯಿತು, ಉಳಿದದ್ದು ಸರ್ಕಾರಿ ಪತ್ರಿಕೆ ಹದಾಸ್ ಎರ್ತ್ರಾ. ಟಿಗ್ರೇಯಲ್ಲಿ 2020ರ ನವೆಂಬರಿನಿಂದ 2022ರ ನವೆಂಬರಿನವರೆಗಿನ ಯುದ್ಧದ ಬಹುಪಾಲು ಇಂಟರ್ನೆಟ್, ಫೋನ್ ಸಂಪರ್ಕ ಕಡಿದುಹೋಗಿತ್ತು. ಆ ಯುದ್ಧದಲ್ಲಿ ಎರಿಟ್ರಿಯಾದ ಸೈನ್ಯವೂ ಟಿಗ್ರೇಯೊಳಕ್ಕೆ ಬಂದಿತ್ತು. ಅಂಥ ಕಾಲ ಕಳೆದುಬಂದವರ ಫೋನು ಗಡಿಯಾಚೆಯ ಕಾಗುಣಿತವನ್ನೇ ಮೊದಲು ಮುಂದಿಟ್ಟರೆ ಅದನ್ನು ಅವರು ಬರೀ ತಾಂತ್ರಿಕ ದೋಷವೆಂದು ಕಾಣುವುದಿಲ್ಲ.

ಪಟ್ಟಿ ಕಟ್ಟಲು ಪತ್ರಿಕೆ, ಬೈಬಲುಗಳನ್ನು ಬಳಸಿದರೆ ಭಾಷೆ ಶುದ್ಧವಾಗಿರುತ್ತದೆ, ಸರಿ. ನಾಗಾವೊಕಾ ಟಿಗ್ರಿನ್ಯಾ ಕಾರ್ಪಸ್ ಎಂಬ ಸಂಗ್ರಹ ಹದಾಸ್ ಎರ್ತ್ರಾದ ಬರಹಗಳಿಂದ ಆಯ್ದ ಸುಮಾರು 72,000 ಪದಗಳಿಗೆ ಒಂದೊಂದಾಗಿ ವ್ಯಾಕರಣದ ಗುರುತು ಹಾಕಿಟ್ಟಿದೆ. ಸಂಶೋಧನೆಗೆ ಅದು ಚಿನ್ನ. ಆದರೆ ಮಗಳಿಗೆ ‘ಊಟ ಆಯ್ತಾ’ ಎಂದು ಕೇಳುವವರಿಗೆ ಸಚಿವಾಲಯ, ಅಭಿವೃದ್ಧಿ ಎಂಬ ಪದಗಳು ಮೊದಲು ಬಂದರೆ ಏನು ಉಪಯೋಗ?

ಕೊನೆಯದಾಗಿ ವ್ಯಾಕರಣ. ಸೆಮಿಟಿಕ್ ಭಾಷೆಗಳಲ್ಲಿ ಮೂರು ವ್ಯಂಜನಗಳ ಧಾತುವಿನೊಳಗೆ ಸ್ವರಗಳು ಬದಲಾಗುತ್ತ ಪದಗಳು ಹುಟ್ಟುತ್ತವೆ. ‘ತ್ಸೆಹಾಫೆ’ ಅಂದರೆ ಬರೆದನು, ‘ತ್ಸೆಹಾಫಿ’ ಬರೆಯುವವನು, ‘ಮೆತ್ಸ್‌ಹಾಫ್’ ಪುಸ್ತಕ, ಅದರ ಬಹುವಚನ ‘ಮೆತ್ಸಾಹ್‌ಫ್ತಿ’. ಬರೆಯಲಿಲ್ಲ ಎನ್ನಲು ಹಿಂದೊಂದು ಮುಂದೊಂದು ಪ್ರತ್ಯಯ ಸೇರಿ ‘ಅಯ್‌ತ್ಸೆಹಾಫೆನ್’ ಆಗುತ್ತದೆ. ‘ಇಂದ’, ‘ಗೆ’ ಎಂಬ ಅರ್ಥದ ಕೆಲವು ಪದಗಳು ಮುಂಭಾಗಕ್ಕೆ ಅಂಟಿಕೊಳ್ಳುತ್ತವೆ. ಕನ್ನಡದಲ್ಲಿ ‘ಮನೆಯಲ್ಲಿರುವವರಿಗೂ’ ಎಂಬುದು ಯಾವ ಪಟ್ಟಿಯಲ್ಲೂ ಸಿಗದಂತೆ ಅಲ್ಲಿಯೂ ಸಾಧ್ಯವಿರುವ ರೂಪಗಳಲ್ಲಿ ಒಂದು ಚೂರು ಮಾತ್ರ ಪಟ್ಟಿಗೆ ಬಂದಿರುತ್ತದೆ. ಹಾರ್ನ್‌ಮಾರ್ಫೊ ಎಂಬ ಪದವಿಶ್ಲೇಷಕ ಟಿಗ್ರಿನ್ಯಾದ ಕ್ರಿಯಾಪದಗಳನ್ನು ಬಿಡಿಸಿ ತೋರಿಸಬಲ್ಲದು. ಸಂಶಯದ ರೂಪವನ್ನು ಅದರ ಮುಂದಿಟ್ಟು ಪರೀಕ್ಷಿಸುವ ಅನುಕೂಲ ಈಗ ಇದೆ.

ಹೊಸ ಪಟ್ಟಿ ಗೆದ್ದಿದೆಯೇ?

ಹೊಸದು ಎಂಬ ಕಾರಣಕ್ಕೇ ಅದು ಒಳ್ಳೆಯದಾಗಬೇಕಿಲ್ಲ. ಅಳೆಯುವ ಒಂದು ದಾರಿ ಎಷ್ಟು ಒತ್ತು ಉಳಿಯಿತು ಎಂಬ ಲೆಕ್ಕ. ಪಟ್ಟಿ ಕಟ್ಟಲು ಬಳಸದೆ ಪಕ್ಕಕ್ಕಿಟ್ಟ ಒಂದಿಷ್ಟು ನಿಜವಾದ ಸಂದೇಶಗಳನ್ನು ತೆಗೆದುಕೊಳ್ಳಬೇಕು. ಸಲಹೆ ಇಲ್ಲದೆ ಬರೆಯಲು 100 ಒತ್ತು ಬೇಕಾಗಿ, ಸಲಹೆ ಬಳಸಿದಾಗ 70ಕ್ಕೆ ಮುಗಿದರೆ ಉಳಿತಾಯ ಶೇ. 30. ಇದನ್ನು ಹಳೆಯ, ಹೊಸ ಎರಡೂ ಪಟ್ಟಿಗಳಿಗೆ ಮಾಡಬೇಕು. ಎರಿಟ್ರಿಯಾದ ಬರಹಕ್ಕೊಂದು ಸಲ, ಟಿಗ್ರೇಯ ಬರಹಕ್ಕೊಂದು ಸಲ. ಸರಾಸರಿ ಮಾತ್ರ ನೋಡಿದರೆ ಒಂದು ಕಡೆಯವರಿಗೆ ಕೆಟ್ಟದ್ದು ಇನ್ನೊಂದು ಕಡೆಯ ಲಾಭದಲ್ಲಿ ಮುಚ್ಚಿಹೋಗುತ್ತದೆ. ಉಳಿತಾಯದ ಜೊತೆಗೆ, ಮೇಲೆ ಬಂದ ಮೂರರಲ್ಲಿ ಎಷ್ಟು ಸಲ ಒಂದಾದರೂ ಪದವೇ ಅಲ್ಲದ್ದು ಇತ್ತು ಎಂಬುದನ್ನೂ ಎಣಿಸಬೇಕು. ನನ್ನ ಮಟ್ಟಿಗೆ ಈ ಎರಡನೆಯ ಅಂಕಿಯೇ ಮುಖ್ಯ.

ಪರೀಕ್ಷೆಯಲ್ಲಿ ತಪ್ಪದೆ ಎದುರಾಗುವ ಒಂದು ತೊಡಕು ಆ ಒಡೆಯದ ಅಕ್ಷರಗಳಿಂದ ಬರುತ್ತದೆ. ದನಿ ಆಧರಿಸಿದ ಕೀಬೋರ್ಡಿನಲ್ಲಿ ಮೊದಲು ವ್ಯಂಜನ ಒತ್ತಿದಾಗ ಅದರ ಆರನೆಯ ರೂಪ, ಹೆಚ್ಚುಕಡಿಮೆ ನಮ್ಮ ಅರ್ಧಾಕ್ಷರ, ಮೂಡುತ್ತದೆ. ಆಮೇಲೆ ಸ್ವರ ಒತ್ತಿದರೆ ಆ ಅಕ್ಷರ ಅಳಿದು ಬೇರೆ ಅಕ್ಷರ ಬರುತ್ತದೆ. ಕನ್ನಡದ ‘ಕ’ಕ್ಕೆ ಗುಡಿಸು ಸೇರಿದರೆ ‘ಕ’ ಅಲ್ಲೇ ಉಳಿದಿರುತ್ತದೆ, ಪಟ್ಟಿಯಲ್ಲಿ ಹಿಡಿದ ದಾರಿ ತಪ್ಪುವುದಿಲ್ಲ. ಗೀಜ್‌ನಲ್ಲಿ ಸ್ವರ ಒತ್ತುವ ತನಕ ಕವಲೇ ಬೇರೆ, ಒತ್ತಿದ ಮೇಲೆ ಬೇರೆ. ಪದದ ಕೊನೆಯಲ್ಲಿರುವ ಆರನೆಯ ರೂಪವನ್ನು ಏಳರಲ್ಲಿ ಯಾವುದಾದರೂ ಆಗಬಹುದು ಎಂದು ಸಡಿಲವಾಗಿ ಹುಡುಕುವಂತೆ ಮಾಡಿದರೆ ಸಲಹೆ ತಕ್ಷಣ ಚುರುಕಾಗುತ್ತದೆ. ಎಲ್ಲ ಅಕ್ಷರಗಳಿಗೂ ಈ ಸಡಿಲಿಕೆ ಕೊಟ್ಟರೆ ಒಂದು ಧಾತುವಿನ ಇಡೀ ಸಂಸಾರ ಬಂದು ಮೂರು ಜಾಗಕ್ಕೆ ಕಿತ್ತಾಡುತ್ತದೆ.

ಕೀಮ್ಯಾನ್‌ನಲ್ಲಿ ಹುಡುಕುವ ಕೀಲಿಯನ್ನು ಪದದಿಂದ ಬೇರೆಯಾಗಿ ಬರೆಯಲು ಅವಕಾಶವಿದೆ. ಯುರೋಪಿನ ಭಾಷೆಗಳಿಗೆ ಅದರ ಪೂರ್ವನಿಗದಿತ ಕ್ರಮ ಸಾಕು, ಅಕ್ಷರವನ್ನು ಬಿಡಿಸಿ ಮೇಲಿನ ಚಿಹ್ನೆ ಕಳಚಿ ಹುಡುಕುತ್ತದೆ. ಗೀಜ್ ಅಕ್ಷರ ಒಡೆಯುವುದೇ ಇಲ್ಲವಾದ್ದರಿಂದ ಆ ಕ್ರಮ ಇಲ್ಲಿ ಏನೂ ಮಾಡದು. ಟಿಗ್ರಿನ್ಯಾಕ್ಕೆ ಕೈಯಿಂದಲೇ ನಿಯಮ ಬರೆಯಬೇಕು: ಹುಡುಕುವಾಗ ಮಾತ್ರ ಎರಡು ‘ತ್ಸ’ಗಳನ್ನು ಒಂದೆಂದು ಎಣಿಸು, ತೋರಿಸುವಾಗ ಪಟ್ಟಿಯಲ್ಲಿ ಇದ್ದಂತೆಯೇ ತೋರಿಸು. ಎರಡು ‘ಹ’ಗಳನ್ನು ಮಾತ್ರ ಕೂಡಿಸಬೇಡ.

ನಿವೃತ್ತಿಯ ಕ್ರಮ

ಈಗ ಹಳೆಯದರ ಸರದಿ. ಪ್ರತಿ ಪಟ್ಟಿಗೂ ಒಂದು ಗುರುತು ಇರುತ್ತದೆ; ಕೀಮ್ಯಾನ್‌ನಲ್ಲಿ ಅದಕ್ಕೆ ಚುಕ್ಕಿಯಿಂದ ಬೇರ್ಪಡಿಸಿದ ಮೂರು ಭಾಗ: ಮಾಡಿದವರ ಹೆಸರು, ಭಾಷೆಯ ಸಂಕೇತ, ಪಟ್ಟಿಯ ಹೆಸರು. ಅದರ ಜೊತೆಗೆ ಆವೃತ್ತಿಯ ಅಂಕಿ. ಇದ್ದ ಪಟ್ಟಿಗೇ ಪದ ಸೇರಿಸಿ ತಪ್ಪು ತೆಗೆದಿದ್ದರೆ ಗುರುತು ಬದಲಾಯಿಸಬಾರದು, ಆವೃತ್ತಿ ಏರಿಸಿದರೆ ಸಾಕು; ಫೋನುಗಳು ಅದನ್ನು ಮಾಮೂಲಿ ಅಪ್‌ಡೇಟ್ ಆಗಿ ಪಡೆಯುತ್ತವೆ. ಎರಡೂ ದೇಶಗಳಿಗೆ ಒಂದೇ ಇದ್ದ ಪಟ್ಟಿಯನ್ನು ಒಡೆದು ಎರಿಟ್ರಿಯಾಕ್ಕೊಂದು, ಇಥಿಯೋಪಿಯಾಕ್ಕೊಂದು ಮಾಡಿದಾಗ ಮಾತ್ರ ಹೊಸ ಗುರುತು ಬೇಕು, ಆಗಲೇ ಹಳೆಯದಕ್ಕೆ ನಿವೃತ್ತಿ.

ಸಂಕೇತದ ವಿಷಯದಲ್ಲೂ ಒಂದು ಎಚ್ಚರ. ಟಿಗ್ರಿನ್ಯಾಕ್ಕೆ ‘ಟಿಐ’ ಎಂಬ ಎರಡಕ್ಷರದ ಸಂಕೇತವೂ ‘ಟಿಐಆರ್’ ಎಂಬ ಮೂರಕ್ಷರದ್ದೂ ಇವೆ. ಎರಡಕ್ಷರದ್ದು ಇರುವಾಗ ಅದನ್ನೇ ಬಳಸಬೇಕೆಂಬುದು ಅಂತರ್ಜಾಲದ ನಿಯಮ. ಹಳೆಯ ಫೈಲುಗಳಲ್ಲಿ ಎರಡೂ ಕಾಣುತ್ತವೆ, ಹಾಗಾಗಿ ಕೀಬೋರ್ಡ್ ಒಂದು ಹೆಸರಲ್ಲಿ, ಪಟ್ಟಿ ಇನ್ನೊಂದರಲ್ಲಿ ಇದ್ದು ಪರಸ್ಪರ ಸಿಗದೇ ಹೋಗಬಹುದು. ದೇಶದ ಹೆಸರಿಲ್ಲದೆ ಬರೀ ‘ಟಿಐ’ ಎಂದಿದ್ದರೆ, ಫೋನು, ಕಂಪ್ಯೂಟರುಗಳು ನೆಚ್ಚಿಕೊಂಡಿರುವ ಯೂನಿಕೋಡಿನ ಭಾಷಾ ದತ್ತಾಂಶ ಅದನ್ನು ಇಥಿಯೋಪಿಯಾದ್ದೆಂದು ಭಾವಿಸುತ್ತದೆ. ಎರಿಟ್ರಿಯಾದ ಪಟ್ಟಿಗೆ ದೇಶದ ಸಂಕೇತ ಬರೆಯದೆ ಬಿಟ್ಟರೆ ಸಿಗಬೇಕಾದವರಿಗೆ ಅದು ಸಿಗಲಾರದು.

ಸರ್ವರಿನಿಂದ ಹಳೆಯ ಫೈಲನ್ನು ಕಿತ್ತುಹಾಕಿದರೆ ಫೋನುಗಳಲ್ಲಿ ಇಳಿದು ಕೂತಿರುವ ಪ್ರತಿಗಳಿಗೆ ಏನೂ ಆಗುವುದಿಲ್ಲ. ಅವು ಹಾಗೇ ಕೆಲಸ ಮಾಡುತ್ತಿರುತ್ತವೆ, ಆದರೆ ಇನ್ನು ಮುಂದೆ ಅವಕ್ಕೆ ತಿದ್ದುಪಡಿ ಬರುವ ದಾರಿಯೂ ಇರುವುದಿಲ್ಲ. ಅಂಗಡಿ ಬೇರೆ ಕಡೆಗೆ ಹೋದಾಗ ಹಳೆಯ ಬಾಗಿಲಿಗೆ ಹೊಸ ವಿಳಾಸದ ಬೋರ್ಡು ನೇತುಹಾಕುವುದಿಲ್ಲವೇ, ಇಲ್ಲಿ ಬೇಕಾದದ್ದೂ ಅದೇ. ಹೊಸ ಪ್ಯಾಕೇಜಿನ ವಿವರದಲ್ಲಿ ‘ಇದು ಇಂಥ ಹಳೆಯ ಪಟ್ಟಿಯ ಬದಲಿಗೆ ಬಂದದ್ದು’ ಎಂದು ಹಳೆಯದರ ಪೂರ್ಣ ಗುರುತಿನೊಂದಿಗೆ ಬರೆಯಬೇಕು. ಹುಡುಕುವವರಿಗೆ ಮೊದಲು ಹೊಸದು ಕಾಣಬೇಕು. ಹಳೆಯ ಕೊಂಡಿಯಿಂದ ಬಂದವರಿಗೆ ಬದಲಿ ಯಾವುದೆಂದು ತಿಳಿಯಬೇಕು. ಒಂದು ಪಟ್ಟಿ ಎರಡಾಗಿದ್ದರೆ ಯಾರನ್ನು ಯಾವುದಕ್ಕೆ ಕಳಿಸುವುದೆಂದು ಯಂತ್ರ ಊಹಿಸುವುದು ಬೇಡ, ಬಳಸುವವರನ್ನೇ ಒಮ್ಮೆ ಕೇಳಿದರೆ ಆಯಿತು. ಸ್ಟಾಕ್‌ಹೋಮಿನಲ್ಲಿ ಕೂತವರು ಯಾವ ಕಡೆಯವರೆಂದು ಫೋನಿನ ದೇಶ ನೋಡಿ ತಿಳಿಯುವುದಿಲ್ಲ.

ಬಳಸುವವರು ತಾವೇ ಕಲಿಸಿದ ಪದಗಳು, ಅಂದರೆ ಮನೆಯವರ ಹೆಸರು, ಬೀದಿಯ ಹೆಸರು, ಅಡ್ಡಹೆಸರು, ಬಹುತೇಕ ಕೀಬೋರ್ಡುಗಳಲ್ಲಿ ಬೇರೆ ಫೈಲಿನಲ್ಲಿರುತ್ತವೆ. ಪಟ್ಟಿ ಬದಲಾಗುವಾಗ ಅದಕ್ಕೆ ಕೈ ಹಚ್ಚಬಾರದು. ಅದನ್ನು ಕಳೆದುಕೊಂಡವರು ಹೊಸ ಪಟ್ಟಿ ಎಷ್ಟೇ ಚೆನ್ನಾಗಿದ್ದರೂ ಕ್ಷಮಿಸುವುದಿಲ್ಲ.

ಹಳೆಯ ಪಟ್ಟಿಯ ಮೂಲ ಫೈಲು, ಸಾಧ್ಯವಾದರೆ ಅದು ಬಂದ ಬರಹಗಳ ವಿವರ, ಪರವಾನಗಿಯ ಪ್ರತಿ ಇವನ್ನೆಲ್ಲ ಎತ್ತಿಡಬೇಕು. ಕೀಮ್ಯಾನ್‌ನ ಭಂಡಾರ ಎಂಐಟಿ ಪರವಾನಗಿಯ ಫೈಲುಗಳನ್ನಷ್ಟೇ ತೆಗೆದುಕೊಳ್ಳುತ್ತದೆ. ಕಾಗುಣಿತ ತಿದ್ದುವ ಹನ್‌ಸ್ಪೆಲ್‌ನ ಪದಕೋಶಗಳಲ್ಲಿ ಹಲವು ಜಿಪಿಎಲ್ ಅಡಿಯಲ್ಲಿವೆ, ಅವನ್ನು ತಂದು ಬೆರೆಸಿದರೆ ಷರತ್ತು ಮುರಿದಂತೆ. ಹಳೆಯ ಪಟ್ಟಿಯ ಮೂಲ ಯಾವುದೆಂದು ಯಾರಿಗೂ ನೆನಪಿಲ್ಲ ಎಂಬ ಒಂದೇ ಕಾರಣಕ್ಕೆ ಅದರ ಒಳ್ಳೆಯ ಭಾಗವನ್ನೂ ಹೊಸದಕ್ಕೆ ಎತ್ತಿಕೊಳ್ಳಲು ಬರದೇ ಹೋಗಬಹುದು. ಮುಂದೆ ಯಾರಾದರೂ ಇದಕ್ಕಿಂತ ಒಳ್ಳೆಯ ಜರಡಿಯೊಂದಿಗೆ ಬಂದಾಗ ಬೇಕಾಗುವುದು ಕಚ್ಚಾ ಸಾಮಗ್ರಿಯೇ, ತಯಾರಾದ ಪಟ್ಟಿಯಲ್ಲ.

ನಿಮ್ಮ ಫೋನಿನಲ್ಲಿ ಯಾವುದಿದೆ ಎಂದು ನೋಡುವುದು ಸುಲಭ. ಕೀಮ್ಯಾನ್ ಆ್ಯಪಿನ ಸೆಟ್ಟಿಂಗ್ಸ್‌ಗೆ ಹೋಗಿ, ಹಾಕಿಕೊಂಡಿರುವ ಭಾಷೆಗಳ ಪಟ್ಟಿಯಲ್ಲಿ ಆ ಭಾಷೆಯನ್ನು ತೆರೆದರೆ ಕೀಬೋರ್ಡಿನ ಕೆಳಗೆ ಡಿಕ್ಷನರಿಯ ಹೆಸರು ಕಾಣುತ್ತದೆ. ಪದ ಸೂಚಿಸುವುದನ್ನು ನಿಲ್ಲಿಸುವ ಆಯ್ಕೆಯೂ ತಪ್ಪು ತಿದ್ದುವುದನ್ನು ನಿಲ್ಲಿಸುವ ಆಯ್ಕೆಯೂ ಅಲ್ಲೇ ಇವೆ, ಎರಡೂ ಬೇರೆ ಬೇರೆ. ಪಟ್ಟಿ ಹಳೆಯದು ಎಂಬ ಸಂಶಯವಿದ್ದು ಹೊಸದಿನ್ನೂ ಬಂದಿಲ್ಲವಾದರೆ ತಪ್ಪು ತಿದ್ದುವುದನ್ನು ನಿಲ್ಲಿಸಿಬಿಡಿ, ಪದ ಸೂಚಿಸುವುದು ಇರಲಿ. ಸೂಚಿಸಿದ ತಪ್ಪನ್ನು ಮುಟ್ಟದೆ ಬಿಡಬಹುದು. ಸರಿಯಾಗಿ ಬರೆದದ್ದನ್ನು ತಪ್ಪಾಗಿ ತಿದ್ದಲು ಮಾತ್ರ ಹಳೆಯ ಪಟ್ಟಿಗೆ ಅವಕಾಶ ಕೊಡಬೇಡಿ.